ಬಾಣ ಕೂರುವ ಜಾಗ

ದೊಡ್ಡಬಳ್ಳಾಪುರದ ನಮ್ಮ ಕಡೆಯ ಬೀದಿಗಳಲ್ಲಿ ಆಗ ನನ್ನನ್ನು ಕೇಳದೆ ಯಾರೂ ಹೊಸ ಮಗ್ಗ ಕೂರಿಸುತ್ತಿರಲಿಲ್ಲ. ಇದು ಜಂಭದ ಮಾತು ಅನ್ನುವವರು ಅನ್ನಲಿ. ಕಾಂತರಾಜು ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಜಾಬರ್ ಕಾಂತರಾಜು ಅನ್ನಬೇಕು. ಕರೆಂಟಿನ ಮಗ್ಗ ಜೋಡಿಸುವುದು, ಕೆಟ್ಟರೆ ಸರಿಮಾಡುವುದು ನನ್ನ ಕಸುಬು. ಸೈಕಲ್ ಮೇಲೆ ಹೋಗುತ್ತಾ ಶೆಡ್ಡಿನ ಸದ್ದು ಕೇಳಿ, ಒಳಗೆ ಯಾವುದೋ ಒಂದು ಮಗ್ಗದ ಲಾಳಿ ತಡವಾಗಿ ಹೊರಡುತ್ತಿದೆ ಎಂದು ಹೇಳುತ್ತಿದ್ದೆ. ಬಟ್ಟೆ ತಂದು ತೋರಿಸಿದರೆ ಅದರ ದೋಷ ನೋಡಿ ಮಗ್ಗದ ರೋಗ ಹೇಳುತ್ತಿದ್ದೆ. ಮಗ್ಗದಲ್ಲಿ ರೋಗವಿಲ್ಲದಿದ್ದರೆ ನೇಯುವವರ ಕೈಯಲ್ಲಿದೆ ಎಂದರ್ಥ, ಅದನ್ನೂ ನಾನೇ ಹೇಳುತ್ತಿದ್ದೆ. ‘ಕೈ ಸರಿಯಿಲ್ಲ’ ಎಂದು ನಾನು ಒಂದು ಮಾತು ಅಂದರೆ ಮಾಲೀಕರು ಎರಡನೇ ಮಾತು ಆಡುತ್ತಿರಲಿಲ್ಲ. ಮಾರನೇ ದಿನ ಆ ಮಗ್ಗದ ಮುಂದೆ ಬೇರೆಯವರು ನಿಂತಿರುತ್ತಿದ್ದರು.

ಇಂಥ ನಾನು ತೊಂಬತ್ತೇಳರಲ್ಲಿ ಒಂದು ಬಿಲ್ಲಿಗೆ ಕೈ ಹಾಕಿದೆ.

ಬಿಲ್ಲು ನನ್ನ ಮಗಳು ಚೈತ್ರಳದ್ದು. ಅವಳದ್ದು ಅಂದರೆ, ಅಪ್ಪಯ್ಯಣ್ಣ ಅವಳಿಗೆ ಬಿಟ್ಟುಕೊಟ್ಟದ್ದು. ಅಪ್ಪಯ್ಯಣ್ಣ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದವರು. ಅಲ್ಲಿ ಬಿಲ್ವಿದ್ಯೆ ಕಲಿತು, ರಿಟೈರಾಗಿ ಬಂದ ಮೇಲೆ ಮಾಕಳಿದುರ್ಗದ ದಾರಿಯ ತಮ್ಮ ಊರಿನಲ್ಲಿ, ರಾಗಿ ಬಡಿಯುವ ಕಣದಲ್ಲೇ ಹುಲ್ಲಿನ ಗುರಿ ಕಟ್ಟಿ ನಾಲ್ಕೈದು ಮಕ್ಕಳಿಗೆ ಬಿದಿರಿನ ಬಿಲ್ಲು ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಚೈತ್ರ ಹೈಸ್ಕೂಲಿನಿಂದಲೂ ಅಲ್ಲಿಗೆ ಹೋಗುತ್ತಿದ್ದಳು. ಆಗ ಅವಳಿಗೆ ಡಿಗ್ರಿ ಎರಡನೇ ವರ್ಷ. ಆ ವರ್ಷ ನಮ್ಮ ಕೈಗಾರಿಕಾ ಪ್ರದೇಶಕ್ಕೆ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯವನೊಬ್ಬ ಭಾನುವಾರ ಬೇಜಾರಾದಾಗ ಅಪ್ಪಯ್ಯಣ್ಣನ ಕಣಕ್ಕೆ ಬಂದು ಹೊಡೆಯುತ್ತಿದ್ದ. ವಾಪಸು ಹೋಗುವಾಗ ತನ್ನ ಬಿಲ್ಲನ್ನು ಅಲ್ಲೇ ಬಿಟ್ಟು ಹೋದ.

ಕಾಂಪೌಂಡ್ ಬಿಲ್ಲು ಅಂತ ಅದರ ಹೆಸರು. ನಮ್ಮ ಮಕ್ಕಳು ಗಾಲಿ ಬಿಲ್ಲು ಅನ್ನುತ್ತಿದ್ದರು. ಎರಡು ತುದಿಗೂ ಪುಟ್ಟ ಗಾಲಿ, ಗಾಲಿಗೆ ಸುತ್ತಿದ ತಂತಿ. ಎಳೆಯುವಾಗ ಮೊದಲು ಭಾರ, ಪೂರ್ತಿ ಎಳೆದ ಮೇಲೆ ಹಗುರ. ನೋಡಿದೊಡನೆ ನನಗೆ ಅದರ ಮೇಲೆ ಪ್ರೀತಿ ಬಂತು, ಏಕೆಂದರೆ ಅದು ಕಟ್ಟಿಗೆಯ ತುಂಡಲ್ಲ, ಯಂತ್ರ. ಆದರೆ ಅದರ ರೆಸ್ಟ್ ಮುರಿದಿತ್ತು. ರೆಸ್ಟ್ ಅಂದರೆ ಹಿಡಿಕೆಯ ಮೇಲೆ ಬಾಣ ಕೂರುವ ಜಾಗ. ಅಪ್ಪಯ್ಯಣ್ಣ ಹಳೇ ಸ್ನೇಹಿತರೊಬ್ಬರಿಗೆ ಬರೆದು ಹೊಸದೊಂದನ್ನು ತರಿಸಿದರು. ಎರಡು ಉಕ್ಕಿನ ಕಡ್ಡಿ ಅಕ್ಕಪಕ್ಕ ನಿಂತಿರುತ್ತವೆ, ಬಾಣ ಅವುಗಳ ನಡುವೆ ಒರಗಿ ಮಲಗುತ್ತದೆ. ಮೇಲೆ ಕೆಳಗೆ ಸರಿಸಲು ಒಂದು ಸ್ಕ್ರೂ, ಎಡಕ್ಕೆ ಬಲಕ್ಕೆ ಸರಿಸಲು ಇನ್ನೊಂದು. ಪ್ಲಾಸ್ಟಿಕ್ ಕವರಿನಲ್ಲಿ ಬಂದಿತ್ತು, ಜೊತೆಗೆ ಒಂದು ಚೀಟಿಯೂ ಇರಲಿಲ್ಲ.

“ಕೂರ್ಸೋಕೆ ಬೆಂಗ್ಳೂರಿಗೆ ತಗೊಂಡು ಹೋಗ್ಬೇಕಾ?” ಅಂದರು ಅಪ್ಪಯ್ಯಣ್ಣ.

“ಎರಡು ಸ್ಕ್ರೂಗೆ ಬೆಂಗ್ಳೂರಾ? ನಾನು ಸತ್ತೋಗಿದ್ದೀನಾ ಅಣ್ಣಾ?” ಅಂದೆ.

ಅವರ ಹತ್ತಿರ ಇದ್ದ ಬಿಲ್ವಿದ್ಯೆಯ ಹಳೇ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಬಾಣದ ಬಾಲಕ್ಕೆ ಮೂರು ಪ್ಲಾಸ್ಟಿಕ್ ಗರಿ ಇರುತ್ತವೆ, ನಮ್ಮದರಲ್ಲಿ ಎರಡು ಬಿಳಿ, ಒಂದು ನೀಲಿ. ಬೇರೆ ಬಣ್ಣದ ಗರಿ ಬಿಲ್ಲಿನಿಂದ ಆಚೆಗೆ ಮುಖ ಮಾಡಿರಬೇಕು ಎಂದು ಚಿತ್ರದಲ್ಲಿತ್ತು. ಹಾಗೇ ಇಟ್ಟೆ. ಬಾಣ, ಹೆದೆ, ಬಿಲ್ಲಿನ ನಡುಮಧ್ಯ ಮೂರೂ ಒಂದೇ ಗೆರೆಗೆ ಬರುವ ಹಾಗೆ ಮಗ್ಗ ನೆಟ್ಟಗಿದೆಯೇ ಎಂದು ನೋಡಲು ಹಿಡಿಯುವ ದಾರವನ್ನೇ ಹಿಡಿದು ರೆಸ್ಟ್ ಕೂರಿಸಿದೆ. ಎರಡು ಗಂಟೆ ಹಿಡಿಯಿತು. ಅಷ್ಟು ಅಂದವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಆಮೇಲೆ ಕಾಗದದ ಪರೀಕ್ಷೆ. ಇದನ್ನು ಜರ್ಮನಿಯವನು ಅಪ್ಪಯ್ಯಣ್ಣನಿಗೆ ತೋರಿಸಿಕೊಟ್ಟಿದ್ದ. ಮರದ ಚೌಕಟ್ಟಿಗೆ ನ್ಯೂಸ್ ಪೇಪರ್ ಬಿಗಿದು, ಎರಡು ಮಾರು ದೂರದಿಂದ ಅದರ ಮೂಲಕ ಬಾಣ ಬಿಡಬೇಕು. ದುಂಡನೆಯ ತೂತಿನ ಸುತ್ತ ಮೂರು ಗರಿಯ ಮೂರು ಸೀಳು ಮೂಡಿದರೆ ಬಾಣ ನೆಟ್ಟಗೆ ಹೋಗಿದೆ ಎಂದು ಲೆಕ್ಕ. ಬಾಲ ಓರೆಯಾಗಿದ್ದರೆ ಕಾಗದ ಆ ಕಡೆಗೆ ಉದ್ದಕ್ಕೆ ಹರಿಯುತ್ತದೆ. ಬಟ್ಟೆ ನೋಡಿ ಮಗ್ಗ ಓದುವವನಿಗೆ ಇದಕ್ಕಿಂತ ಹಿತವಾದ ವಿದ್ಯೆ ಇನ್ನೇನು ಬೇಕು.

ಚೈತ್ರ ಹೊಡೆದಳು. ಕಾಗದ ಎಡಕ್ಕೆ ಎರಡು ಬೆರಳು ಹರಿಯಿತು.

ಸ್ಕ್ರೂವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದೆ, ಎಡಕ್ಕೆ ಹರಿಯಿತು. ಎಡಕ್ಕೆ ಸರಿಸಿದೆ, ಆಗಲೂ ಎಡಕ್ಕೇ. ಮೇಲೆತ್ತಿದೆ, ಇಳಿಸಿದೆ. ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ನಿಂತಾಗ ನನಗೆ ಬಿಡುವು. ಆ ಬಿಡುವೆಲ್ಲ ಅಪ್ಪಯ್ಯಣ್ಣನ ಕಣದಲ್ಲೇ ಕಳೆಯಿತು. ಮಗ್ಗ ಜೋಡಿಸಿದ ಮೇಲೆ ನಾನೇ ನಿಂತು ಒಂದು ಮೊಳ ನೇಯ್ದು ನೋಡದೆ ಎದ್ದು ಹೋದವನಲ್ಲ ನಾನು. ಈ ಬಿಲ್ಲಿನಲ್ಲಿ ಅದು ಸಾಧ್ಯವಿರಲಿಲ್ಲ. ಅದರ ಎಳೆತವನ್ನು ಚೈತ್ರಳ ತೋಳಿನ ಅಳತೆಗೆ ಕಟ್ಟಿದ್ದೆವು. ಬೇರೆಯವರು ಹಿಡಿದರೆ ಕುತ್ತಿಗೆ ಸೊಟ್ಟ ಮಾಡಿಕೊಂಡು ನಿಲ್ಲಬೇಕು.

ನಾಲ್ಕನೇ ವಾರ, ಆಷಾಢದ ಗಾಳಿಯಲ್ಲಿ ಕಾಗದ ಪಟಪಟ ಅನ್ನುತ್ತಿದ್ದಾಗ ಅವಳು ಹೇಳಿದಳು, “ಅಪ್ಪ, ಬಾಣ ಬಿಡೋವಾಗ ಏನೋ ತಾಗಿದಂಗೆ ಸದ್ದು ಬರ್ತದೆ. ರೆಸ್ಟ್ ಇನ್ನೊಂದ್ಸಲ ನೋಡು.”

“ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ,” ಅಂದೆ. “ರೆಸ್ಟ್ ಕೂದಲೆಳೆ ಆಚೀಚೆ ಇಲ್ಲ. ನಿನ್ನ ಮಣಿಕಟ್ಟು ತಿರುಗ್ತಾ ಇದೆ ಕಣೇ. ಕೈ ಸರಿಯಿಲ್ಲ.”

ಅಪ್ಪಯ್ಯಣ್ಣ ಅಲ್ಲೇ ಇದ್ದರು. ಅವರಿಗೆ ಬಿದಿರಿನ ಬಿಲ್ಲು ಗೊತ್ತು, ಯಂತ್ರದ ವಿಷಯ ನನಗೆ ಬಿಟ್ಟಿದ್ದರು. ಏನೂ ಹೇಳಲಿಲ್ಲ.

ಚೈತ್ರ ಆಮೇಲೆ ಆ ಮಾತು ಎತ್ತಲಿಲ್ಲ. ದಿನಾ ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ, ಕಾಲೇಜಿನ ಹೊತ್ತಿಗೆ ವಾಪಸು ಬರುತ್ತಿದ್ದಳು. ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಒತ್ತಿ ಹಿಡಿಯುವುದನ್ನು ತಾನೇ ಅಭ್ಯಾಸ ಮಾಡಿದಳು. ಕಾಗದ ಹರಿಯುವುದು ಎರಡು ಬೆರಳಿನಿಂದ ಒಂದು ಬೆರಳಿಗೆ ಬಂತು, ಗೌರಿಹಬ್ಬದ ಹೊತ್ತಿಗೆ ಅರ್ಧ ಬೆರಳಿಗೆ ಇಳಿಯಿತು. ಬಾಣಗಳು ಗುರಿಯ ನಟ್ಟನಡುವಿನ ಹಳದಿಯಲ್ಲಿ, ಹೆಚ್ಚೆಂದರೆ ಅದರ ಸುತ್ತಿನ ಕೆಂಪು ಬಳೆಯಲ್ಲಿ ಬೀಳತೊಡಗಿದವು. “ನೋಡ್ದಾ? ಕೈ ತಿದ್ದಿದ್ ಮೇಲೆ ಹೆಂಗ್ ಬಂತು,” ಅಂದೆ. ದೀಪಾವಳಿಗೆ ಮೊದಲಿನ ಭಾನುವಾರ ಬೆಂಗಳೂರಿನಲ್ಲಿ ರಾಜ್ಯದ ಬಿಲ್ವಿದ್ಯೆ ತಂಡದ ಆಯ್ಕೆ ಇತ್ತು. ನಾಲ್ಕು ಜನ ಹುಡುಗಿಯರನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಅವಳು ಹುಟ್ಟಿದಾಗಿನಿಂದ ನಮ್ಮನ್ನು ಏನನ್ನೂ ಬೇಕೆಂದು ಕೇಳಿದವಳಲ್ಲ. ಈ ತಂಡ ಬೇಕು ಎಂದು ಮಾತ್ರ ಬಾಯಿ ಬಿಟ್ಟು ಹೇಳಿದ್ದಳು.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಮಗ್ಗ, ಮೋಟಾರು, ಸ್ಪ್ಯಾನರು, ಸೈಕಲ್ಲು ಎಲ್ಲಕ್ಕೂ ಪೂಜೆ. ಪೂಜೆಯಾದ ಮೇಲೆ ಯಾವುದನ್ನೂ ಮುಟ್ಟುವ ಹಾಗಿಲ್ಲ, ಅವಕ್ಕೂ ಒಂದು ದಿನ ರಜೆ. ಮಾರನೇ ದಿನ ವಿಜಯದಶಮಿಗೆ ಕೆಲಸ ಶುರು ಮಾಡುವಾಗಲೂ ಇಟ್ಟ ಕುಂಕುಮವನ್ನು ಒರೆಸಬಾರದು. ಅದು ಕೆಲಸ ಮಾಡುತ್ತಾ ಮಾಡುತ್ತಾ ತಾನೇ ಹೋಗಬೇಕು. ಇನ್ನೊಂದು ರೂಢಿ ಮಗ್ಗದ ಮನೆಗಳದ್ದು. ನೀರು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುತ್ತೇವೆ. ಅದು ಬೇಗ ಒಣಗುವುದಿಲ್ಲ, ಮುಟ್ಟಿದ ಕೈಯನ್ನೆಲ್ಲ ಕೆಂಪು ಮಾಡುತ್ತದೆ.

ನನ್ನ ಹೆಂಡತಿ ಲಕ್ಕಮ್ಮ ಬಿಲ್ಲನ್ನು ಮಣೆಯ ಮೇಲೆ ನಿಲ್ಲಿಸಿ, ಎಲ್ಲಿಗೆ ಇಡಲಿ ಎಂದು ಒಂದು ಸಲ ನೋಡಿದಳು. “ಬಾಣ ಕೂತ್ಕೊಳೋದು ಎಲ್ಲಿ ಕಣೇ?” ಅಂತ ಮಗಳನ್ನು ಕೇಳಿ, ಆ ಎರಡು ಕಡ್ಡಿಗಳಿಗೆ ತಲಾ ಒಂದು ಬೊಟ್ಟು ದಪ್ಪಗೆ ಇಟ್ಟಳು. ಕುಂಕುಮ ಹೆಚ್ಚಾಯಿತು ಎಂದು ನಾನು ಗೊಣಗಿದೆ. ದೇವರ ಕೆಲಸಕ್ಕೆ ಜಾಬರ್ ಬೇಕಾಗಿಲ್ಲ ಅಂದಳು.

ವಿಜಯದಶಮಿಯ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಚೈತ್ರ ಬಿಲ್ಲಿಗೆ ಕೈಮುಗಿದು ಆರು ಬಾಣ ಬಿಟ್ಟಳು. ಹುಲ್ಲಿನಿಂದ ಬಾಣ ಕೀಳುವುದು ನನ್ನ ಕೆಲಸ. ಮೊದಲನೆಯದನ್ನು ಕಿತ್ತೆ. ಕಡ್ಡಿಯ ಮೇಲೆ ಉಜ್ಜಿಕೊಂಡು ಹೋದದ್ದರಿಂದ ಬಾಣದ ಮೈಗೆ ಕುಂಕುಮ ಹತ್ತಿತ್ತು, ಅದು ಸಹಜ. ಆದರೆ ಕೆಳಗಿನ ಬಿಳಿ ಗರಿಯ ಮೇಲೆ, ಬುಡದಿಂದ ತುದಿಯವರೆಗೆ, ಒಂದು ಕೆಂಪು ಗೆರೆ ಎಳೆದಿತ್ತು. ಗರಿಗೆ ಯಾವುದೂ ತಾಗಬಾರದು. ಗಾಳಿ ಬಿಟ್ಟು ಇನ್ನೇನೂ ತಾಗಬಾರದು. ಎರಡನೆಯದನ್ನು ಕಿತ್ತೆ. ಅದೇ ಗರಿ, ಅದೇ ಗೆರೆ. ಆರಕ್ಕೆ ಆರೂ ಹಾಗೇ.

ಹುಲ್ಲಿನ ಕಡೆ ಮುಖ ಮಾಡಿಕೊಂಡು ಅಲ್ಲೇ ನಿಂತೆ. ಬಲಗಡೆಯ ಕಡ್ಡಿಗೆ ಗರಿ ಪ್ರತಿ ಸಲವೂ ಬಡಿಯುತ್ತಿತ್ತು, ಬಡಿದು ಬಾಲ ಎಡಕ್ಕೆ ಹಾರುತ್ತಿತ್ತು. ಪುಸ್ತಕದ ಚಿತ್ರ ಬೇರೆ ಥರದ ರೆಸ್ಟಿನದ್ದು. ಎರಡು ಕಡ್ಡಿಯ ರೆಸ್ಟಿಗೆ ನೀಲಿ ಗರಿ ಕೆಳಮುಖವಾಗಿ, ಕಡ್ಡಿಗಳ ನಡುವಿನ ಸಂದಿಯಲ್ಲಿ ನುಸುಳಿ ಹೋಗಬೇಕಿತ್ತು. ಒಂದು ನೋಟಕ್ಕೆ ತಿಳಿಯುವ ವಿಷಯ ಇದು. ನನ್ನ ಹುಡುಗಿ ಆಷಾಢದಲ್ಲೇ ಹೇಳಿದ್ದಳು, ನೆಲ ನಿಜವಾಗಿಯೂ ಡೊಂಕಾಗಿತ್ತು.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಪಂಚೆಯ ತುದಿಯಿಂದ ಆರೂ ಗರಿಗಳನ್ನು ಒರೆಸಿದೆ. ಅಷ್ಟರಲ್ಲೂ ಒಂದನ್ನು ಸರಿಯಾಗಿ ಒರೆಸದೆ ಬಿಟ್ಟಿದ್ದೆ ಎಂಬುದು ಆಮೇಲೆ ತಿಳಿಯಿತು. ಮನೆಗೆ ಬಂದ ಮೇಲೆ ಯಾರೂ ಇಲ್ಲದಾಗ, ಹೆದೆಗೆ ಸಿಕ್ಕಿಸುವ ಬಾಲದ ಕಚ್ಚನ್ನು ಒಂದೊಂದು ಬಾಣದಲ್ಲೂ ಕಾಲು ಸುತ್ತು ತಿರುಗಿಸಿದೆ. ಕಡ್ಡಿಗಳ ಸಂದಿಯನ್ನು ಒಂದಿಷ್ಟು ಅಗಲ ಮಾಡಿದೆ. ಬಾಣ ಇನ್ನು ನೆಟ್ಟಗೆ ಹೋಗುತ್ತದೆ, ಮಗಳು ಸಂತೋಷಪಡುತ್ತಾಳೆ, ನಾನು ಬಾಯಿ ಬಿಡಬೇಕಾಗಿಲ್ಲ ಅಂದುಕೊಂಡೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಮೀಸೆಯ ಚಿಂತೆ ನನಗೆ.

ಮಾರನೇ ದಿನ ಕಣದಲ್ಲಿ ಚೈತ್ರ ಬಾಣ ಏರಿಸುವಾಗ, “ನೀಲಿ ಗರಿ ಕೆಳಕ್ಕೆ ಬಂದದಲ್ಲ ಅಪ್ಪ?” ಅಂದಳು.

“ಬಂದ್ರೆ ಬರ್ಲಿ. ಹೊಡಿ.”

ಹೊಡೆದಳು. ಕಾಗದ ಈಗ ಬಲಕ್ಕೆ ಹರಿಯಿತು, ಎರಡು ಬೆರಳು. ದೂರದ ಗುರಿಯಲ್ಲಿ ಬಾಣ ಹಳದಿ ಬಿಟ್ಟು, ಕೆಂಪು ಬಿಟ್ಟು, ನೀಲಿಯಾಚೆ ಕಪ್ಪಿಗೆ ಹೋಗಿ ನೆಟ್ಟಿತು. ಇನ್ನೊಂದೂ ಹಾಗೇ. ನನ್ನ ರೆಸ್ಟು ಆಗ ಮೊದಲ ಸಲ ಸರಿಯಾಗಿತ್ತು. ಆದರೆ ನನ್ನ ತಪ್ಪಿಗೆ ಸರಿಯಾಗಿ ಅವಳು ಮೂರು ತಿಂಗಳಿನಿಂದ ಮಣಿಕಟ್ಟು ತಿರುಚಿಕೊಂಡು ಹಿಡಿಯಲು ಕಲಿತಿದ್ದಳು. ಸ್ಕ್ರೂವನ್ನು ತಿರುಗಿಸಿದ ಹಾಗೆ ಆ ಕೈಯನ್ನು ತಿರುಗಿಸುವುದಕ್ಕೆ ಆಗುತ್ತದೆಯೇ?

ಅವಳು ಬಿಲ್ಲು ಇಳಿಸಿ ತನ್ನ ಎಡಗೈಯನ್ನು ನೋಡಿಕೊಂಡಳು. ಬೆರಳು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ ನೋಡಿದಳು. ಯಾಕೆ ಹೀಗಾಯಿತು ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಎರಡು ದಿನ ಇದೇ ಆಯಿತು. ಮೂರನೇ ದಿನ ಸಂಜೆ ನಾನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಅಡಿಗೆಮನೆಯಲ್ಲಿ ಅವಳು ತಾಯಿಗೆ ಹೇಳುವುದು ಕೇಳಿಸಿತು. “ಅಪ್ಪ ಹೇಳಿದ್ದೇ ಸರಿ ಕಣಮ್ಮ. ನನ್ನ ಕೈಯಾಗೇ ಏನೋ ಐತೆ. ಎಷ್ಟು ತಿದ್ದಿದ್ರೂ ಕೆಡ್ತದೆ. ಆಯ್ಕೆಗೆ ಹೋಗಿ ಮಾನ ಕಳ್ಕೊಳೋದ್ಯಾಕೆ, ಬಿಲ್ಲು ಅಪ್ಪಯ್ಯಣ್ಣಂಗೆ ಕೊಟ್ಬಿಡ್ತೀನಿ.”

ಸೈಕಲ್ ತೆಗೆದುಕೊಂಡು ನೇರ ಅಪ್ಪಯ್ಯಣ್ಣನ ಮನೆಗೆ ಹೋದೆ. ಅವರ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಒಂದು ಉಪಾಯವನ್ನೂ ಹೇಳಿದೆ. “ಕಚ್ಚುಗಳನ್ನ ಮೊದ್ಲಿನಂಗೇ ತಿರುಗ್ಸಿ ಇಟ್ಬಿಡ್ತೀನಿ ಅಣ್ಣಾ. ಆ ತಪ್ಪಿಗೆ ಅವಳ ಕೈ ಒಗ್ಗಿದೆ. ಆಯ್ಕೆಗೆ ಇನ್ನು ಹನ್ನೆರಡೇ ದಿನ. ಗೆದ್ಕೊಂಡು ಬರ್ಲಿ, ಆಮೇಲೆ ನಿಧಾನಕ್ಕೆ ನೋಡೋಣ.”

ಅವರು ಎಲೆಅಡಿಕೆ ಉಗುಳಿ ಬಂದು ಕೂತರು. “ಗೆದ್ರೂ ಗೆಲ್ತಾಳೆ ಅನ್ನು. ಅವಳಿಗೆ ಹೇಳ್ತೀಯಾ?”

“ಹೇಳಿದ್ರೆ ಮನಸು ಕೆಡ್ತದೆ.”

“ಯಾರ ಮನಸು ಕಾಂತರಾಜು? ಅವಳ್ದಾ, ನಿಂದಾ?” ಅಂದರು. “ಕೈ ಅವಳ್ದು ಕಣಯ್ಯ. ಯಾವ್ ಥರ ಹೊಡೀಬೇಕು ಅಂತ ಅವಳನ್ನ ಕೇಳು. ನಾನೂ ನೋಡ್ಕೊಂಡು ಸುಮ್ನಿದ್ದೆ, ನನ್ನ ತಪ್ಪೂ ಅದರಾಗೆ ಐತೆ ಅಂತ ಹೇಳು.”

ವಾಪಸು ಬರುವಾಗ ದ್ಯಾವಮ್ಮನ ನೆನಪಾಯಿತು. ನಾನು ಜೋಡಿಸಿದ ಮಗ್ಗದಲ್ಲಿ ಸೀರೆಯ ಅಂಚು ಎಳೆದುಕೊಳ್ಳುತ್ತದೆ ಎಂದು ಹೇಳಿದವಳು ಅವಳು. ಕೈ ಸರಿಯಿಲ್ಲ ಅಂದಿದ್ದೆ. ಆಕೆ ಈಗ ನಮ್ಮ ಪಕ್ಕದ ವಿಜಯಪುರದ ಕಡೆ ಎಲ್ಲೋ ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿದ್ದಾಳಂತೆ. ಅಂಥವರು ಎಷ್ಟು ಜನ ಎಂದು ಲೆಕ್ಕ ಹಾಕಲು ಹೋಗಿ ಏಳಕ್ಕೆ ನಿಲ್ಲಿಸಿದೆ. ಅವರಲ್ಲಿ ಕೆಲವರ ಕೈ ನಿಜವಾಗಿ ಕೆಟ್ಟಿದ್ದಿರಬಹುದು. ಯಾರದು ಅಂತ ಈಗ ಹೇಗೆ ಗೊತ್ತಾಗಬೇಕು.

ಮನೆಯಲ್ಲಿ ಚೈತ್ರ ಪಡಸಾಲೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಸರಿಯಾಗಿ ಒರೆಸದೆ ಬಿಟ್ಟಿದ್ದ ಆ ಬಾಣವನ್ನು ತಂದು ಅವಳ ಮುಂದೆ ಇಟ್ಟೆ. ಗರಿಯ ಬುಡದಲ್ಲಿ ಕೆಂಪು ಇನ್ನೂ ಇತ್ತು.

“ಇದು ರೆಸ್ಟಿನ ಕುಂಕುಮ,” ಅಂದೆ. “ಗರಿ ಕಡ್ಡಿಗೆ ಬಡೀತಾ ಇತ್ತು. ನಾನು ಕೂರ್ಸಿದ್ದೇ ತಪ್ಪು. ಹಬ್ಬದ ಮಾರನೇ ದಿನಾನೇ ಗೊತ್ತಾಯ್ತು, ನಿಂಗೆ ಹೇಳ್ಲಿಲ್ಲ. ಗುಟ್ಟಾಗಿ ಸರಿ ಮಾಡಿದೆ. ಅದಕ್ಕೇ ಈಗ ಬಲಕ್ಕೆ ಹೋಗ್ತಿರೋದು.”

ಅವಳು ಬಾಣವನ್ನು ತಿರುಗಿಸಿ ನೋಡಿದಳು. “ತಾಗ್ತದೆ ಅಂತ ಅವತ್ತೇ ಹೇಳಿದ್ದೆ.”

“ಹೇಳಿದ್ದೆ.”

“ಹಂಗಾದ್ರೆ ಅವಾಗ ನನ್ನ ಕೈ ಸರಿ ಇತ್ತಾ?”

“ಸರಿ ಇತ್ತು ಮಗ.”

ಅವಳು ಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. “ಮೂರು ತಿಂಗಳು ನನ್ನ ಕೈನ ನಾನೇ ಬೈಕೊಂಡೆ ಅಪ್ಪ,” ಅಂದಳು. “ಬಸ್ಸಲ್ಲಿ, ಕ್ಲಾಸಲ್ಲಿ, ಮಲಗೋವಾಗ.” ಆಮೇಲೆ ಅತ್ತಳು. ಲಕ್ಕಮ್ಮ ಒಳಗಿನಿಂದ ಬಂದು ನನ್ನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

ಅಳು ನಿಂತ ಮೇಲೆ ಎರಡು ದಾರಿಯನ್ನೂ ಅವಳ ಮುಂದಿಟ್ಟೆ. ತಪ್ಪನ್ನು ಮೊದಲಿನಂತೆ ಇಟ್ಟುಕೊಂಡರೆ ಆಯ್ಕೆಯಲ್ಲಿ ಗೆಲ್ಲಬಹುದು. ಸರಿ ಮಾಡಿಕೊಂಡರೆ ಹನ್ನೆರಡು ದಿನ ಸಾಲುವುದಿಲ್ಲ. ಆ ತಂಡ ಅವಳಿಗೆ ಎಷ್ಟು ಬೇಕಿತ್ತು ಎನ್ನುವುದು ನನಗೆ ಗೊತ್ತಿತ್ತು.

“ನನ್ನ ಹಳೇ ಕೈ ನಂಗೆ ವಾಪಸ್ ಬೇಕು,” ಅಂದಳು.

ಆಯ್ಕೆಯಲ್ಲಿ ಆರನೆಯವಳಾಗಿ ಬಂದಳು. ಮೊದಲ ಸುತ್ತುಗಳಲ್ಲಿ ಬಾಣ ಚೆದುರಿತು, ಕೊನೆಯ ಸುತ್ತಿನಲ್ಲಿ ಹಳದಿಗೆ ಬಂತು. ನಾಲ್ಕನೆಯವಳಿಗೂ ಇವಳಿಗೂ ಒಂಬತ್ತು ಅಂಕ ವ್ಯತ್ಯಾಸ. ಮೂರು ತಿಂಗಳ ಹಿಂದೆ ನಾನು ಒಂದು ಸಲ ಬಗ್ಗಿ ನೋಡಿದ್ದರೆ ಆ ಒಂಬತ್ತು ಅಂಕ ಯಾವ ಲೆಕ್ಕ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದಳು.

ಧನುರ್ಮಾಸದ ಚಳಿ ಬಂತು. ಅವಳು ಅಭ್ಯಾಸ ಬಿಟ್ಟಿರಲಿಲ್ಲ, ನಾನೂ ಜೊತೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಕೈ ಹಳೆಯ ದಾರಿಗೆ ಬಂದಿತ್ತು. ಕಾಗದದಲ್ಲಿ ದುಂಡನೆಯ ತೂತು, ಮೂರು ಸೀಳು, ವಾರಗಟ್ಟಲೆ ಒಂದೇ ಥರ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಗದ ಎಡಕ್ಕೆ ಒಂದು ಬೆರಳು ಹರಿಯಿತು. ಎರಡನೇ ಬಾಣಕ್ಕೂ ಹಾಗೇ. ನಾನು ಚೌಕಟ್ಟಿನಿಂದ ಕಾಗದ ಬಿಚ್ಚಿ ತಂದು ಕೊಟ್ಟೆ.

ಅವಳು ಅದನ್ನು ನೋಡಿದಳು. ರೆಸ್ಟಿನ ಕಡೆ ಕಣ್ಣು ಕೂಡ ಹಾಯಿಸದೆ, ಬಿಲ್ಲು ಹಿಡಿದ ಎಡಗೈಯ ಬೆರಳುಗಳನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದಳು.

“ನನ್ನ ಕೈನೇ ಇರ್ಬೇಕು ಅಲ್ವಾಪ್ಪ?” ಅಂದಳು.

ಜೇಬಿನಿಂದ ಸ್ಕ್ರೂ ತಿರುಗಿಸುವ ಕೀಲಿ ತೆಗೆದು ಅವಳ ಕೈಗೆ ಕೊಟ್ಟೆ. “ಇಲ್ಲ ಮಗ. ಮೊದ್ಲು ನಾನು ಮಾಡಿದ್ ಕೆಲ್ಸ ನೋಡು. ಕೈನ ಕೊನೆಗೆ ನೋಡ್ಕೋ.”

ಅವಳು ಕೀಲಿ ಹಾಕಿ ನೋಡಿದಳು. ಎಡಕ್ಕೆ ಬಲಕ್ಕೆ ಸರಿಸುವ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಹಿಂದಿನ ದಿನ ಅದನ್ನು ಬಿಗಿ ಮಾಡಿದ್ದವನು ನಾನು.